ಇಂಜೆಕ್ಷನ್ ಕೊಟ್ಟ ಮೇಲೆ ಶುರುವಾಗೋ ಕೆಲಸ

ವೀಕ್ಷಕರೇ, ಆಸ್ಪತ್ರೆಯಲ್ಲಿ ಔಷಧಿಯಿಂದ ಒಂದು ಸಾವಾದರೆ ಪರದೆಯ ಕೆಳಗೆ ಏನು ಓಡುತ್ತೆ ಅಂತ ನಿಮಗೆ ಗೊತ್ತೇ ಇದೆ: ‘ನರ್ಸ್ ಎಡವಟ್ಟು’. ಎರಡೇ ಪದ, ಕಥೆ ಮುಗೀತು. ಆ ರಾತ್ರಿ ಆ ಸಿಸ್ಟರ್ ಎಷ್ಟು ಜನ ರೋಗಿಗಳನ್ನ ನೋಡ್ಕೋತಿದ್ರು? ಅದನ್ನ ಯಾರೂ ಕೇಳಲ್ಲ.

ಇನ್ಸುಲಿನ್ನನ್ನೇ ತಗೊಳ್ಳಿ. ಮನೆಮನೆಯಲ್ಲೂ ಇರೋ ಔಷಧಿ, ಅದರಲ್ಲೇನಿದೆ ಅಂತೀರಿ. ನಮ್ಮ ದೇಶದಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಬಾಟಲಿಯೂ ಸಿಗುತ್ತೆ, 100 ಯೂನಿಟ್ ಇರುವುದೂ ಸಿಗುತ್ತೆ. ಸಿರಿಂಜೂ ಎರಡು ಥರ. ಸಾಮಾನ್ಯವಾಗಿ 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. 100ರ ಬಾಟಲಿಯಿಂದ 40ರ ಸಿರಿಂಜಿಗೆ ಎಳೆದರೆ, 20ರ ಗೆರೆ ನೋಡಿ ಕೊಟ್ಟಿದ್ದು 50 ಯೂನಿಟ್ ಆಗಿರುತ್ತೆ. ಎರಡೂವರೆ ಪಟ್ಟು! ನಾನು ಓದಿದ್ದು ಎಂಜಿನಿಯರಿಂಗ್. ಇಂಥ ಎರಡು ಅಳತೆಯನ್ನ ಒಂದೇ ಕಪಾಟಿನಲ್ಲಿಟ್ಟು, ನಡುರಾತ್ರಿ ಕೆಲಸ ಮಾಡೋರಿಗೆ ‘ಹುಷಾರಾಗಿರಿ’ ಅನ್ನೋದನ್ನ ಯಾವ ಎಂಜಿನಿಯರೂ ಸುರಕ್ಷತೆ ಅಂತ ಕರೆಯಲ್ಲ.

ಡೋಸ್ ಸರಿಯಿದ್ದರೂ ಕೆಲಸ ಮುಗಿಯಲ್ಲ. ಸಾದಾ ರೆಗ್ಯುಲರ್ ಇನ್ಸುಲಿನ್ ಚರ್ಮದಡಿ ಕೊಟ್ಟ ಸುಮಾರು ಅರ್ಧ ಗಂಟೆಗೆ ಕೆಲಸ ಶುರುಮಾಡುತ್ತೆ, ಎರಡು-ಮೂರು ಗಂಟೆಗೆ ಜೋರಾಗುತ್ತೆ. ಅಷ್ಟರಲ್ಲಿ ರೋಗಿ ಊಟ ಮಾಡದಿದ್ರೆ ಬೆವರು, ನಡುಕ, ತೊದಲು ಮಾತು. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ತಕ್ಷಣ ಏನಾದರೂ ಮಾಡಲೇಬೇಕು. ನಿದ್ದೆಯಲ್ಲಿರೋ ರೋಗಿ ಬೆವರಿದ್ದಾರೆ ಅಂತ ಮುಟ್ಟಿ ನೋಡೋರು ಯಾರು? ಸಿಸ್ಟರೇ.

ಪೊಟ್ಯಾಷಿಯಂ ಕ್ಲೋರೈಡ್ ನೋಡೋಕೆ ಥೇಟ್ ನೀರು. ಸಲೈನಿನಲ್ಲಿ ಬೆರೆಸಿ ನಿಧಾನವಾಗಿ ಹರಿಸಬೇಕು. ಹಾಗೇ ರಕ್ತನಾಳಕ್ಕೆ ಚುಚ್ಚಿದರೆ ಹೃದಯ ನಿಂತೇ ಹೋಗಬಹುದು. ಅದಕ್ಕೂ ಮೊದಲು ರೋಗಿಗೆ ಮೂತ್ರ ಸರಿಯಾಗಿ ಹೋಗ್ತಿದೆಯಾ ನೋಡಬೇಕು. ಕಿಡ್ನಿ ಕೈಕೊಟ್ಟಿದ್ರೆ ಪೊಟ್ಯಾಷಿಯಂ ಹೊರಗೆ ಹೋಗದೆ ರಕ್ತದಲ್ಲೇ ಏರುತ್ತೆ. ಹೃದಯಕ್ಕೆ ಕೊಡೋ ಡಿಗಾಕ್ಸಿನ್ ಮಾತ್ರೆಯಾದರೆ, ಎದೆಗೆ ಸ್ಟೆತಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸಬೇಕು. ದೊಡ್ಡವರಲ್ಲಿ 60ಕ್ಕಿಂತ ಕಡಿಮೆ ಇದ್ದರೆ ಮಾತ್ರೆ ತಡೆದು ಡಾಕ್ಟರಿಗೆ ಹೇಳಬೇಕು. ಮಾರ್ಫಿನ್ ಕೊಟ್ಟರೆ ಉಸಿರು ಎಣಿಸಬೇಕು. ಹೆಪಾರಿನ್ ಕೊಟ್ಟರೆ ವಸಡಿನಲ್ಲಿ, ಮೂತ್ರದಲ್ಲಿ ರಕ್ತ ಕಾಣ್ತಿದೆಯಾ ನೋಡ್ತಾ ಇರಬೇಕು.

ಈಗ ಲೆಕ್ಕ ಹಾಕಿ. ಮೂವತ್ತು ಹಾಸಿಗೆಯ ವಾರ್ಡಿಗೆ ರಾತ್ರಿ ಪಾಳಿಯಲ್ಲಿ ಒಬ್ಬರೇ ಸಿಸ್ಟರ್ ಅಂದ್ಕೊಳ್ಳಿ. ಒಬ್ಬೊಬ್ಬರ ಹತ್ತಿರ ಎರಡೇ ನಿಮಿಷ ನಿಂತರೂ ಒಂದು ಸುತ್ತಿಗೆ ಒಂದು ಗಂಟೆ. ಅಷ್ಟರಲ್ಲಿ ಯಾರದೋ ಡ್ರಿಪ್ ಖಾಲಿ, ಇನ್ಯಾರದೋ ಸಂಬಂಧಿಕರ ಕೂಗಾಟ. ನರ್ಸ್‌ಗಳು ತಪ್ಪೇ ಮಾಡಲ್ಲ ಅಂತ ನಾನು ಹೇಳ್ತಿಲ್ಲ. ತನಿಖೆ ಆಗಲಿ. ಆದರೆ ಹುದ್ದೆ ಖಾಲಿ ಬಿಟ್ಟವರು, ಪಾಳಿಗೆ ಒಬ್ಬರನ್ನೇ ಹಾಕಿದವರು ಕೂಡ ಆ ತನಿಖೆಯಲ್ಲಿ ಉತ್ತರ ಹೇಳಲಿ.

ಅಲ್ಲಿವರೆಗೆ ನೀವು ಮಾಡಬಹುದಾದ್ದು ಒಂದಿದೆ. ಇನ್ಸುಲಿನ್ ತಗೊಂಡಿರೋ ನಿಮ್ಮಜ್ಜಿ ಊಟದ ತಟ್ಟೆ ಮುಟ್ಟಿಲ್ಲ ಅಂದ್ರೆ, ತಟ್ಟೆಯನ್ನ ಮಂಚದ ಕೆಳಗೆ ಸರಿಸಬೇಡಿ. ಎದ್ದು ಹೋಗಿ ಸಿಸ್ಟರ್‌ಗೆ ಆಗಲೇ ಹೇಳಿ.