ಟಿಕ್ ಒಂದೇ ಸಲ ಬಂತು, ಆಮೇಲೆ ಸದ್ದಿಲ್ಲ

ಇವತ್ತು ಟೈಮರ್ ಇಂಟರಪ್ಟ್ ಬಗ್ಗೆ ಮಾತಾಡೋಣ. ಸ್ವಂತ ಆಪರೇಟಿಂಗ್ ಸಿಸ್ಟಂ ಕರ್ನಲ್ ಬರೆಯೋಕೆ ಹೊರಟವರು ಹೆಚ್ಚಾಗಿ ಕೈಚೆಲ್ಲೋದು ಇಲ್ಲೇ. ಪರದೆ ಮೇಲೆ 'ಹಲೋ' ಮೂಡೋವರೆಗೂ ಖುಷಿಯೋ ಖುಷಿ. ಟೈಮರ್ ಹಾಕಿದ ದಿನ ಎಲ್ಲ ಸ್ತಬ್ಧ, ಒಂದು ಎರರ್ ಮೆಸೇಜೂ ಇರಲ್ಲ.

ಟೈಮರ್ ಯಾಕೆ ಬೇಕು ಅಂದ್ರೆ, ಒಂದು ಪ್ರೋಗ್ರಾಂ ಮುಗಿಯದ ಲೂಪ್‌ಗೆ ಬಿದ್ದರೆ ಪ್ರೊಸೆಸರನ್ನ ಅದರ ಕೈಯಿಂದ ಕಿತ್ತುಕೊಳ್ಳೋಕೆ ಕರ್ನಲ್‌ಗೆ ಇರೋ ದಾರಿ ಅದೇ. ನಿಮ್ಮ ಫೋನಲ್ಲಿ ಹಾಡು ಕೇಳ್ತಾ ಮೆಸೇಜ್ ಟೈಪ್ ಮಾಡೋದರ ಹಿಂದೆಯೂ ಇದೇ ಉಪಾಯ ಇದೆ, ಚಿಪ್ ಮಾತ್ರ ಬೇರೆ. ನಾನು ಹೇಳ್ತಿರೋದು ಹಳೇ ಪಿಸಿಯದು. ಕಲಿಯೋರು ಸಾಮಾನ್ಯವಾಗಿ ಕ್ಯೂಎಮು ಎಮ್ಯುಲೇಟರ್‌ನಲ್ಲಿ ಅಲ್ಲಿಂದಲೇ ಶುರು ಮಾಡ್ತಾರೆ.

ಮೊದಲು ಎಣಿಸಿ. ಹ್ಯಾಂಡ್ಲರ್ ಒಳಗೆ ಒಂದು ಕೌಂಟರ್ ಇಡಿ, ಸಾಕು. ಸೊನ್ನೆಯಲ್ಲೇ ನಿಂತಿದ್ರೆ ಇಂಟರಪ್ಟ್ ಆನ್ ಮಾಡಿಲ್ಲ, ಅಥವಾ ಮಾಸ್ಕ್ ಆಗಿದೆ. ಮೊದಲ ಟಿಕ್‌ಗೇ ಮಷೀನ್ ರೀಬೂಟ್ ಆದ್ರೆ ವೆಕ್ಟರ್ ನಂಬರ್ ನೋಡಿ. 1981ರ ಐಬಿಎಂ ಪಿಸಿಯಿಂದಲೂ ಟೈಮರ್ ಬರೋದು 8ನೇ ವೆಕ್ಟರ್‌ಗೆ. ಇಂಟೆಲ್ ಲೆಕ್ಕದಲ್ಲಿ 8 ಅಂದ್ರೆ ಡಬಲ್ ಫಾಲ್ಟ್. ಅದನ್ನ 32ಕ್ಕೆ ಸರಿಸಬೇಕು.

ಇವೆರಡು ಸುಲಭ. ಕಾಡೋದು ಕೌಂಟರ್ 1ಕ್ಕೆ ನಿಂತಾಗ. ಎಂಜಿನಿಯರಿಂಗ್ ಓದ್ತಿರೋ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು, ಪ್ರಾಜೆಕ್ಟ್ ಡೆಮೋಗೆ ನಾಲ್ಕೇ ದಿನ. 'ಸರ್, ಫ್ರೀಕ್ವೆನ್ಸಿ ತಪ್ಪಿರಬೇಕು, ಮೂರು ದಿನದಿಂದ ಅದನ್ನೇ ಬದಲಾಯಿಸ್ತಿದೀನಿ' ಅಂದಳು. ಒಂದು ಸಲ ಬಂದಿದೆ ಅಂದ್ಮೇಲೆ ಚಿಪ್ ಸರಿ ಇದೆ, ಟೇಬಲ್ಲೂ ಸರಿ ಇದೆ ಅಲ್ವಾ? 'ಊಹೆ ಬಿಡಮ್ಮ, ಕ್ಯೂಎಮು ಮಾನಿಟರ್‌ನಲ್ಲಿ ಇನ್ಫೋ ಪಿಕ್ ಅಂತ ಹೊಡಿ' ಅಂದೆ. ಐಎಸ್‌ಆರ್ 01 ಅಂತ ಬಂತು. ಅಂದ್ರೆ 8259 ಕಂಟ್ರೋಲರ್ ಮೊದಲ ಟಿಕ್‌ನ ಕೆಲಸ ಮುಗಿದಿಲ್ಲ ಅಂತಲೇ ಕಾಯ್ತಿದೆ. ಪೋರ್ಟ್ ಹೆಕ್ಸ್ 20ಕ್ಕೆ ಹೆಕ್ಸ್ 20 ಬರೆದು 'ಮುಗೀತು' ಅನ್ನೋವರೆಗೂ ಅದು ಮುಂದಿನದನ್ನ ಕಳಿಸಲ್ಲ. ಟೈಮರ್‌ದೇ ಮೇಲಿನ ಆದ್ಯತೆ, ಹಾಗಾಗಿ ಕೀಬೋರ್ಡೂ ಸತ್ತಿತ್ತು.

ವಿಚಿತ್ರ ಅಂದ್ರೆ ಆ ಸಾಲು ಅವಳ ಕೋಡ್‌ನಲ್ಲಿತ್ತು! ಆದರೆ ಶೆಡ್ಯೂಲರ್ ಕರೆದ ನಂತರದ ಸಾಲಿನಲ್ಲಿ. ಶೆಡ್ಯೂಲರ್ ಹೊಸ ಟಾಸ್ಕ್‌ಗೆ ಜಿಗಿದುಬಿಟ್ಟಿತು, ವಾಪಸ್ ಬರಲೇ ಇಲ್ಲ. ಸಾಲನ್ನ ಮೇಲೆ ಹಾಕಿಸಿದೆ.

ಮತ್ತೆ ರನ್ ಮಾಡಿದರೆ ಕೌಂಟರ್ ಈಗಲೂ 1!

ಅವಳ ದನಿ ಅಳು ಬರೋ ಹಾಗಿತ್ತು. ಆದರೆ ಇನ್ಫೋ ಪಿಕ್ ಈಗ ಬೇರೆ ಹೇಳ್ತಿತ್ತು: ಐಎಸ್‌ಆರ್ 00, ಐಆರ್‌ಆರ್ 01. ಎರಡನೇ ಟಿಕ್ ಬಾಗಿಲಲ್ಲಿ ನಿಂತಿದೆ, ಪ್ರೊಸೆಸರ್ ಬಾಗಿಲು ತೆಗೀತಿಲ್ಲ. ಇನ್ಫೋ ರಿಜಿಸ್ಟರ್ಸ್ ಹಾಕಿದರೆ ಫ್ಲ್ಯಾಗ್‌ನ 9ನೇ ಬಿಟ್ ಸೊನ್ನೆ. ಹ್ಯಾಂಡ್ಲರ್ ಶುರುವಾಗುವಾಗ ಪ್ರೊಸೆಸರ್ ತಾನೇ ಇಂಟರಪ್ಟ್ ಆಫ್ ಮಾಡುತ್ತೆ, ಐರೆಟ್ ಮೂಲಕ ಹಿಂದಿರುಗಿದಾಗ ಹಳೇ ಫ್ಲ್ಯಾಗ್ ವಾಪಸ್ ಬರುತ್ತೆ. ಹೊಸ ಟಾಸ್ಕ್ ಐರೆಟ್ ದಾರೀಲಿ ಬಂದಿರಲಿಲ್ಲ, ಬರೀ ರಿಟರ್ನ್‌ನಿಂದ ಹುಟ್ಟಿತ್ತು. ಅದರ ಆರಂಭದಲ್ಲಿ ಎಸ್‌ಟಿಐ ಹಾಕಿದಳು. ಎ, ಬಿ, ಎ, ಬಿ ಅಂತ ಎರಡೂ ಟಾಸ್ಕ್ ಸರದಿಯಲ್ಲಿ ಓಡಿದವು.

ಒಂದೇ ಲಕ್ಷಣ, ಎರಡು ಕಾರಣ. ಕೋಡನ್ನೇ ದಿಟ್ಟಿಸ್ತಾ ಕೂತಿದ್ರೆ ಎರಡನೆಯದು ಸಿಗೋದು ಕಷ್ಟ.

ಇನ್ನೊಂದು ಉಳಿದಿತ್ತು. ಒಂದು ಸೆಕೆಂಡ್ ಸ್ಲೀಪ್ ಐದೂವರೆ ಸೆಕೆಂಡ್ ತಗೊಳ್ತಿತ್ತು. ಪರೀಕ್ಷೆಗೆ ಅಂತ ಡಿವೈಸರ್ ಸಾಲನ್ನ ಅವಳೇ ತೆಗೆದಿದ್ದಳು, ಟೈಮರ್ ಹಳೇ 18.2 ಹರ್ಟ್ಸ್‌ನಲ್ಲೇ ಓಡ್ತಿತ್ತು. 1193182ನ್ನ 100ರಿಂದ ಭಾಗಿಸಿದರೆ ಸುಮಾರು 11932. ಮೊದಲು ಕೆಳಗಿನ ಬೈಟ್, ಆಮೇಲೆ ಮೇಲಿನದು. ಅದನ್ನ ನಾನು ಹೇಳೋಕೆ ಮುಂಚೆ ಅವಳೇ ಬರೆದು ಮುಗಿಸಿದ್ದಳು.