ಗುಡಾರ ಒಂದೇ ಸಾಲದು, ಬಾವಿಯೂ ಬೇಕು

(ತೋಟ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಆದಿಕಾಂಡದ 26ನೆಯ ಅಧ್ಯಾಯವನ್ನು ಈಗ ಓದಿ ಕೇಳಿದೆವು. ಇಸಾಕನು ಪರದೇಶಕ್ಕೆ ಓಡಿಹೋದವನಲ್ಲ. ದೇವರು ವಾಗ್ದಾನ ಮಾಡಿದ ನಾಡಿನಲ್ಲಿಯೇ ಇದ್ದು ನೆಲೆ ಕಳೆದುಕೊಂಡವನು. ಮೊದಲು ಬರ ಬಂತು. ಆಮೇಲೆ ಫಿಲಿಷ್ಟಿಯರು ಹೊಟ್ಟೆಕಿಚ್ಚಿನಿಂದ ಅವನ ತಂದೆಯ ಕಾಲದ ಬಾವಿಗಳಿಗೆ ಮಣ್ಣು ತುಂಬಿದರು. ಅರಸನು ಹೊರಟುಹೋಗೆಂದನು. ಗೆರಾರಿನ ತಗ್ಗಿನಲ್ಲಿ ಅವನು ಗುಡಾರ ಹಾಕಿದನು. ಆದರೆ ಕಥೆ ಗುಡಾರಕ್ಕೆ ಮುಗಿಯುವುದಿಲ್ಲ. ಒಂದು ಬಾವಿ ತೋಡಿದರೆ ಜಗಳ, ಇನ್ನೊಂದು ತೋಡಿದರೆ ಮತ್ತೆ ಜಗಳ. ಮೂರನೆಯದಕ್ಕೆ ಯಾರೂ ಅಡ್ಡಿಬರಲಿಲ್ಲ. ಅದಕ್ಕೆ ರೆಹೋಬೋತ್ ಎಂದು ಹೆಸರಿಟ್ಟನು. ಬಾಳಲು ಸ್ಥಳ ಸಿಕ್ಕಿತೆಂದು ಅರ್ಥ.

ಸ್ವಂತ ದೇಶದಲ್ಲಿಯೇ ನೆಲೆ ತಪ್ಪಿದವರಿಗೆ ಬೇಕಾದದ್ದು ಇದೇ. ಗುಡಾರವನ್ನು ಬೇಗ ಹಾಕಬಹುದು. ಬಾವಿ ತೋಡುವುದೇ ಕಷ್ಟ.

ವಯನಾಡಿನ ಮುಂಡಕ್ಕೈ, ಚೂರಲ್‌ಮಲ ನಮಗೆ ದೂರದ ಹೆಸರುಗಳಲ್ಲ. 2024ರ ಜುಲೈ 30ರ ನಸುಕಿನಲ್ಲಿ ಬೆಟ್ಟ ಕುಸಿದು ಮುನ್ನೂರರ ಹತ್ತಿರ ಜನ ಸತ್ತರು, ಇಲ್ಲವೇ ಕಾಣೆಯಾದರು. ಅವರಲ್ಲಿ ತೋಟದ ಕೂಲಿಗಳಿದ್ದರು. ಚಾಮರಾಜನಗರ, ಮಂಡ್ಯ ಕಡೆಯಿಂದ ಹೋದವರೂ ಇದ್ದರು. ಗುರುತು ಸಿಗದವರನ್ನು ಪುತ್ತುಮಲದಲ್ಲಿ ಸರ್ವಮತದ ಪ್ರಾರ್ಥನೆಯೊಡನೆ ಮಣ್ಣು ಮಾಡಿದರು. 2019ರ ಆಗಸ್ಟ್‌ನಲ್ಲಿ ಆ ಪುತ್ತುಮಲವೇ ಕುಸಿದಿತ್ತು.

ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು 190 ಅಡಿಯ ಬೈಲಿ ಸೇತುವೆಯನ್ನು ಆಗಸ್ಟ್ 1ರ ಸಂಜೆಗೆಲ್ಲಾ ಕಟ್ಟಿ ಮುಗಿಸಿದರು. ಕಲ್ಪೆಟ್ಟದ ಎಲ್‌ಸ್ಟನ್ ತೋಟದಲ್ಲಿ ಹೊಸ ಊರಿಗೆ ಶಿಲಾನ್ಯಾಸವಾದದ್ದು 2025ರ ಮಾರ್ಚ್ 27ರಂದು. ಸೇತುವೆಗೆ ಕಬ್ಬಿಣ ಸಾಕು. ಮನೆಗೆ ಜಾಗ ಬೇಕು, ಪಟ್ಟಿ ಬೇಕು, ಪಟ್ಟಿಯಲ್ಲಿ ಹೆಸರು ಬೇಕು.

ಇಲ್ಲಿಯೇ ನಮ್ಮಂಥವರ ಸಂಕಟ. 1951ರ ತೋಟ ಕಾರ್ಮಿಕರ ಕಾಯಿದೆ ಮಾಲೀಕರು ವಸತಿ ಕೊಡಬೇಕೆಂದು ಹೇಳಿತು; ಒಳ್ಳೆಯದೇ. ಆದರೆ ಲೈನ್ ಮನೆ ಕೆಲಸದ ಜೊತೆಗೆ ಬಂದದ್ದು, ಕೆಲಸದ ಜೊತೆಗೇ ಹೋಗುವಂಥದ್ದು. ವಯನಾಡಿನವರು ಪಾಡಿ ಎನ್ನುವುದೂ ಅದನ್ನೇ. ಮೂರು ತಲೆಮಾರು ಅಲ್ಲಿ ಹೆತ್ತು ಬೆಳೆಸಿದರೂ ಪಟ್ಟಾ ನಮ್ಮ ಹೆಸರಿನಲ್ಲಿಲ್ಲ. ಸ್ವಂತ ಮನೆ ಕೊಚ್ಚಿಹೋದವನು ತನ್ನ ನಷ್ಟವನ್ನು ಕಾಗದದಲ್ಲಿ ತೋರಿಸಬಹುದು. ಲೈನ್ ಕೊಚ್ಚಿಹೋದವನು ಏನು ತೋರಿಸಬೇಕು? ಅವನಿಗೆ ಮನೆ, ಕೆಲಸ, ನೆರೆಹೊರೆ ಮೂರೂ ಒಂದೇ ರಾತ್ರಿಯಲ್ಲಿ ಹೋಗುತ್ತವೆ.

ಅಲ್ಲಿ ಪರಿಹಾರದ ಹಣ ಖಾತೆಗೆ ಬಂದೊಡನೆ ಒಂದು ಬ್ಯಾಂಕು ಕೆಲವರಿಂದ ಹಳೆಯ ಸಾಲದ ಕಂತು ಹಿಡಿದುಕೊಂಡಿತು. ಜನ ಕೂಡಿ ಕೇಳಿದ ಮೇಲೆಯೇ ಹಿಂದಕ್ಕೆ ಕೊಟ್ಟಿತು. ಒಬ್ಬನೇ ಕೇಳಿದ್ದರೆ ಕೊಡುತ್ತಿತ್ತೇ?

ಬಾವಿಗೆ ಮಣ್ಣು ತುಂಬುವವರು ಮನುಷ್ಯರೇ ಆದಾಗ ಗಾಯ ಇನ್ನೂ ಆಳ. ಒಡಿಶಾದ ಕಂಧಮಾಲಿನಲ್ಲಿ 2007ರ ಡಿಸೆಂಬರ್‌ನಲ್ಲಿ, ಮತ್ತೆ 2008ರ ಆಗಸ್ಟ್‌ನಲ್ಲಿ ಕ್ರೈಸ್ತರ ಮನೆಗಳೂ ದೇವಾಲಯಗಳೂ ಸುಟ್ಟುಹೋದವು. ಸಾವಿರಾರು ಮಂದಿ ಕಾಡಿಗೆ ಓಡಿದರು, ಶಿಬಿರಗಳಲ್ಲಿ ಉಳಿದರು. 2016ರಲ್ಲಿ ಸುಪ್ರೀಂ ಕೋರ್ಟ್ ಹೆಚ್ಚಿನ ಪರಿಹಾರ ಕೊಡಲು ಹೇಳಿತು. ಆದರೆ ಪಕ್ಕದ ಮನೆಯವನಿಗೆ ಹೆದರಿ ಊರಿಗೆ ಹಿಂದಿರುಗಲಾರದವನಿಗೆ ಗೋಡೆ ಕಟ್ಟುವ ಹಣದಿಂದ ಮಾತ್ರ ಏನು? ಅಲ್ಲಿ ತೋಡಬೇಕಾದ ಬಾವಿ ನೆರೆಯವರ ನಡುವಣ ನಂಬಿಕೆ.

ಇಂಥವರಿಗಾಗಿ ವಿಶ್ವಸಂಸ್ಥೆಯಲ್ಲಿ 1998ರಲ್ಲಿ ಕೆಲವು ಮಾರ್ಗಸೂತ್ರಗಳನ್ನು ಮುಂದಿಟ್ಟರು. ಮನಸ್ಸಿದ್ದರೆ ಭಯವಿಲ್ಲದೆ ಮಾನದಿಂದ ಹಿಂದಿರುಗಬೇಕು. ಇಲ್ಲವಾದರೆ ಬೇರೆ ಕಡೆ ನೆಲೆಸಬೇಕು. ಆ ಯೋಜನೆ ಮಾಡುವಾಗ ಅವರನ್ನೂ ಕೂರಿಸಿ ಕೇಳಬೇಕು. ಇದು ದಾನವಲ್ಲ, ನ್ಯಾಯ.

ಹಾಗಾದರೆ ನಾವು ಮಾಡುವುದೇನು? ರೇಷನ್ ಕಾರ್ಡು, ಪಿ.ಎಫ್. ನಂಬರು, ಕೂಲಿ ಚೀಟಿ, ಮಕ್ಕಳ ಶಾಲೆಯ ಕಾಗದ, ಇವುಗಳ ಒಂದೊಂದು ನಕಲನ್ನು ಲೈನಿನಿಂದ ಹೊರಗೆ, ನೆಂಟರ ಮನೆಯಲ್ಲೋ ಸಭೆಯ ಪೆಟ್ಟಿಗೆಯಲ್ಲೋ ಇಡೋಣ. ಯಾವ ಲೈನಿನಲ್ಲಿ ಯಾರಿದ್ದಾರೆಂಬ ಪಟ್ಟಿಯನ್ನು ನಾವೇ ಬರೆದಿಡೋಣ. ಊರು ಬಿಟ್ಟು ಬಂದ ಕೂಲಿಯ ಹೆಸರೂ ಅದರಲ್ಲಿರಲಿ. ನೆಲೆ ತಪ್ಪಿದ ಕುಟುಂಬ ನಮ್ಮ ತೋಟಕ್ಕೆ ಬಂದರೆ, ಅಕ್ಕಿ ಬೇಳೆ ಕೊಟ್ಟು ಕೈತೊಳೆದುಕೊಳ್ಳದೆ, ಮೇಸ್ತ್ರಿಯ ಹತ್ತಿರ ಕೆಲಸ ಕೇಳಲು ಜೊತೆಗೆ ಹೋಗೋಣ. ಮಕ್ಕಳನ್ನು ಶಾಲೆಗೆ ಸೇರಿಸೋಣ. ಅವರು ಯಾವ ಮತದವರೆಂದು ಕೇಳುವುದು ಬೇಡ.

ಮೊದಲ ಎರಡು ಬಾವಿ ಕೈಬಿಟ್ಟುಹೋದರೂ ಇಸಾಕನು ಗುದ್ದಲಿ ಕೆಳಗಿಡಲಿಲ್ಲ. ಅವನೊಬ್ಬನೇ ತೋಡಿದ್ದೂ ಅಲ್ಲ. ಅವನ ಸೇವಕರು, ಕೂಲಿಯವರು, ತೋಡಿದರು. ತೋಡುವ ಕೆಲಸ ನಮಗೆ ಹೊಸದೇ? ನೆಲೆ ತಪ್ಪಿದವರಿಗೆ ಸ್ಥಳ ಮಾಡಿಕೊಡುವ ಬಲವನ್ನು ಕರ್ತನು ನಮಗೆ ಕೊಡಲಿ. ಆಮೆನ್.