ಹಗೇವಿನ ಬಾಯಿ
(ಸುಗ್ಗಿ ಹಬ್ಬದ ಪ್ರಬೋಧನೆ)



ಇಂದು ನೀವು ಬಲಿಪೀಠದ ಮುಂದೆ ರಾಗಿ, ಅವರೆಕಾಯಿ, ಕಬ್ಬು, ತೆಂಗಿನಕಾಯಿ ತಂದಿಟ್ಟಿದ್ದೀರಿ. ನಾವು ಅವನ್ನು ಆಶೀರ್ವದಿಸಿದ್ದೇವೆ. ಈಗ ಒಂದು ಪ್ರಶ್ನೆ ಕೇಳುತ್ತೇವೆ. ಈ ರಾಗಿಯಲ್ಲಿ ಎಷ್ಟು ನಿಮ್ಮ ಮನೆಯಲ್ಲಿ ಉಳಿಯುತ್ತದೆ? ಕಣದಿಂದಲೇ ಮೂಟೆ ಮಾರಿ, ಆಷಾಢದಲ್ಲಿ ಅಂಗಡಿಯಿಂದ ಹಿಟ್ಟಿನ ಪ್ಯಾಕೆಟ್ ತರುವುದು ನಮ್ಮ ಎಷ್ಟೋ ಮನೆಗಳಲ್ಲಿ ರೂಢಿಯಾಗಿದೆ.

ನುಗ್ಗೇಹಳ್ಳಿ, ಚನ್ನರಾಯಪಟ್ಟಣದಂತಹ ಬೆದ್ದಲು ಸೀಮೆಯ ಹಿರಿಯರು ಮಳೆಯನ್ನು ಅಷ್ಟಾಗಿ ನಂಬಿದವರಲ್ಲ. ಅವರು ಹಗೇವು ತೋಡುತ್ತಿದ್ದರು. ಗಟ್ಟಿ ನೆಲದಲ್ಲಿ ಹೂಜಿಯಂತೆ ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೆ ಹುಲ್ಲು ಹಾಸಿ, ಚೆನ್ನಾಗಿ ಒಣಗಿದ ರಾಗಿ ಸುರಿದು, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತುತ್ತಿದ್ದರು. ಗಾಳಿ ಆಡದ ಕಡೆ ಹುಳು ಬದುಕದು. ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ತೆಗೆಯುವಾಗ ಮಾತ್ರ ಬಹಳ ಎಚ್ಚರ. ಚಪ್ಪಡಿ ಸರಿಸಿ ಗಾಳಿಯಾಡಲು ಬಿಟ್ಟು, ಮೊದಲು ದೀಪ ಇಳಿಸುತ್ತಿದ್ದರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ, ಯಾರೂ ಇಳಿಯಕೂಡದು. ಅವಸರಪಟ್ಟು ಇಳಿದು ಪ್ರಾಣ ಬಿಟ್ಟವರೂ ಉಂಟು.

ಇಷ್ಟಿದ್ದೂ 1876ರಿಂದ 1878ರವರೆಗಿನ ಧಾತು–ಈಶ್ವರ ಬರ ನಾಡನ್ನು ನುಂಗಿತು. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ; 1881ರ ಜನಗಣತಿಯಲ್ಲಿ ಸುಮಾರು 42 ಲಕ್ಷ. ಹಗೇವು ಇದ್ದ ಮನೆಗೂ ಇಲ್ಲದ ಮನೆಗೂ ಆಗ ಎಷ್ಟು ಅಂತರವಿದ್ದಿರಬೇಕು, ಯೋಚಿಸಿ. ಹಗೇವಿನ ಒಡೆಯರೆಲ್ಲ ಧರ್ಮಾತ್ಮರಾಗಿದ್ದರೆಂದು ನಾವು ಹೇಳಲಾರೆವು.

ಆದಿಕಾಂಡದ ಯೋಸೇಫನನ್ನು ನೆನೆಯಿರಿ. ಸಮೃದ್ಧಿಯ ಏಳು ವರ್ಷ ಬೆಳೆಯ ಐದನೆಯ ಒಂದು ಪಾಲನ್ನು ಕೂಡಿಟ್ಟ. ಬರ ಬಂದಾಗ ಕಣಜ ತೆರೆದ. ತನ್ನನ್ನು ಮಾರಿದ ಅಣ್ಣಂದಿರಿಗೂ ಅಳೆದುಕೊಟ್ಟ. ಆದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಮುಂದೆ ಓದಿದರೆ ಈಜಿಪ್ಟಿನ ಜನರು ಅದೇ ಧಾನ್ಯಕ್ಕಾಗಿ ದನಕರು, ಹೊಲ, ಕೊನೆಗೆ ತಮ್ಮನ್ನೇ ಫರೋಹನಿಗೆ ಒಪ್ಪಿಸಿಕೊಂಡರೆಂದು ಬೈಬಲ್ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಇನ್ನು ಸಂತ ಲೂಕರ ಶುಭಸಂದೇಶದ ಆ ಐಶ್ವರ್ಯವಂತ. ಅವನ ಸಾಮತಿಯಲ್ಲಿ ಹೆಂಡತಿಯಿಲ್ಲ, ಮಕ್ಕಳಿಲ್ಲ, ಆಳುಕಾಳಿಲ್ಲ, ನೆರೆಯವರಿಲ್ಲ. ತನ್ನೊಡನೆ ತಾನೇ ಮಾತಾಡಿಕೊಂಡು ಕಣಜ ದೊಡ್ಡದು ಮಾಡುತ್ತಾನೆ.

ನಾವೂ ಒಂದು ರಾತ್ರಿ ಆ ಮನುಷ್ಯನೇ ಆಗಿದ್ದೆವು. 2020ರ ಮಾರ್ಚ್ 24, ರಾತ್ರಿ 8 ಗಂಟೆ. ನಡುರಾತ್ರಿಯಿಂದ 21 ದಿನ ದೇಶವೇ ಬಂದ್ ಎಂಬ ಘೋಷಣೆ. ನಾವೂ ಅಂಗಡಿಗೆ ಓಡಿ, ಗುರುಗಳೆಂದು ಜನ ದಾರಿ ಬಿಟ್ಟಿದ್ದರಿಂದ, ಎರಡು ಮೂಟೆ ಅಕ್ಕಿ ತಂದೆವು. ನಮ್ಮ ಹಿಂದೆ ಕೂಲಿಯ ತಾಯಿಯೊಬ್ಬಳು ಒಂದು ಕಿಲೋಗೆ ನಿಂತಿದ್ದಳು. ಅವಳ ಸರದಿ ಬರುವ ಹೊತ್ತಿಗೆ ಅಂಗಡಿಯ ಬಾಗಿಲು ಎಳೆದಿದ್ದರು. ಮಾರನೆಯ ದಿನ ಅವಳ ಮನೆ ಹುಡುಕಿ ಅಕ್ಕಿ ಕೊಟ್ಟೆವು, ನಿಜ. ಆದರೂ ಆ ರಾತ್ರಿ ಅವಳ ಮಕ್ಕಳು ಏನು ಉಂಡರೆಂದು ಕೇಳುವ ಧೈರ್ಯ ನಮಗಿರಲಿಲ್ಲ.

ಆದ್ದರಿಂದ ಪ್ರಿಯರೇ, ಕೂಡಿಡುವುದಾದರೆ ಸುಗ್ಗಿಯಲ್ಲೇ, ಯಾರ ಪಾಲೂ ಕಿತ್ತುಕೊಳ್ಳದೆ ಕೂಡಿಡೋಣ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟಿಯ ರಸ್ತೆ ಮುಚ್ಚಿತು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಇವು ಅಜ್ಜನ ಕಾಲದ ಮಾತಲ್ಲ.

ತಾಯಂದಿರಿಗೆ ಲೆಕ್ಕ ಹೇಳಿಕೊಡುವಷ್ಟು ಜಾಣರು ನಾವಲ್ಲ. ಆದರೂ ಒಬ್ಬರಿಗೆ ದಿನಕ್ಕೆ 400 ಗ್ರಾಂ ರಾಗಿಯೋ ಅಕ್ಕಿಯೋ ಎಂದರೆ ಐವರ ಮನೆಗೆ 15 ದಿನಕ್ಕೆ 30 ಕಿಲೋ. ಜೊತೆಗೆ ಹುರುಳಿ, ತೊಗರಿ ಸೇರಿ ಐದು ಕಿಲೋ. ಉಪ್ಪು, ಬೆಲ್ಲ, ಎಣ್ಣೆ, ಬೆಂಕಿಪೊಟ್ಟಣ ಇರಲಿ. ರಾಗಿಯನ್ನು ಕಾಳಾಗಿಯೇ ಇಡಿ, ಹಿಟ್ಟು ಬೇಗ ಮುಗ್ಗುತ್ತದೆ. ಬಿಸಿಲಿಗೆ ಹಾಕಿದ್ದು ಪೂರ್ತಿ ಆರಿದ ಮೇಲೆಯೇ ಡಬ್ಬಕ್ಕೆ ತುಂಬಿ. ಒಣಗಿದ ಬೇವಿನೆಲೆ ಹಾಕಿ. ಸೌದೆ ನೆನೆದು, ಗ್ಯಾಸ್ ಬಾರದ ದಿನಕ್ಕೆ ಹುರಿಹಿಟ್ಟು, ಅವಲಕ್ಕಿ ಬೇಕೇ ಬೇಕು. ಕುಡಿಯಲು, ಅಡುಗೆಗೆ ತಲೆಗೆ ಮೂರು ಲೀಟರಿನಂತೆ ನೀರು ಹಿಡಿದಿಡಿ. ಮಗುವಿಗೆ ಭೇದಿಯಾದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಹಳೆಯದನ್ನು ಮೊದಲು ಉಣ್ಣಿ, ಹೊಸದನ್ನು ಹಿಂದಕ್ಕೆ ಇಡಿ.

ಈ 30 ಕಿಲೋ ಕೂಡಿಡಲು ಆಗದ ಮನೆಗಳು ನಮ್ಮ ಧರ್ಮಕೇಂದ್ರದಲ್ಲೇ ಇವೆ. ಅದಕ್ಕೆ ಇಂದು ನೀವು ಅರ್ಪಿಸಿದ ರಾಗಿಯನ್ನು ಈ ಸಲ ಹರಾಜು ಹಾಕುವುದಿಲ್ಲ. ದೇವಾಲಯದ ಹಿಂದಿನ ಕೋಣೆಯಲ್ಲಿ ಎರಡು ತಗಡಿನ ಪೀಪಾಯಿ ಇಟ್ಟಿದ್ದೇವೆ. ಬೀಗದ ಕೈ ನಮ್ಮ ಬಳಿ ಇರುವುದಿಲ್ಲ. ಮಹಿಳಾ ಸಂಘದ ಇಬ್ಬರು ತಾಯಂದಿರ ಬಳಿ ಇರುತ್ತದೆ. ಕ್ರೈಸ್ತರೋ ಅಲ್ಲವೋ ಎಂದು ಅವರು ಕೇಳುವುದಿಲ್ಲ, ಚೀಟಿಯನ್ನೂ ಬರೆಸಿಕೊಳ್ಳುವುದಿಲ್ಲ. ಪೂಜೆಯ ನಂತರ ಪೀಪಾಯಿ ತುಂಬಲು ಯುವಕರು ನಾಲ್ಕು ಮಂದಿ ದಯವಿಟ್ಟು ಉಳಿಯಿರಿ.